ಸಾಲ್ಮನ್ ಮೀನು ನಡೆಸಿದ ಆಯೋಗ: ರೈನ್ ನದಿ ಸಂರಕ್ಷಣೆಯ ಎಪ್ಪತ್ತೈದು ವರ್ಷ

1950ರ ಜುಲೈ 11ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಐದು ದೇಶಗಳ ಪ್ರತಿನಿಧಿಗಳು ಸಭೆ ಸೇರಿದರು. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಪಶ್ಚಿಮ ಜರ್ಮನಿ, ಲಕ್ಸೆಂಬರ್ಗ್ ಮತ್ತು ನೆದರ್ಲೆಂಡ್ಸ್. ಯುದ್ಧ ಮುಗಿದು ಐದು ವರ್ಷವಷ್ಟೇ ಆಗಿತ್ತು. ಜರ್ಮನಿಯ ಸೈನ್ಯ ತುಳಿದು ಹೋದ ಮೂರು ದೇಶಗಳ ಅಧಿಕಾರಿಗಳು ಜರ್ಮನಿಯ ಅಧಿಕಾರಿಗಳ ಎದುರು ಕುಳಿತು, ತಮ್ಮೆಲ್ಲರ ಊರುಗಳ ಮುಂದೆ ಹರಿಯುವ ಒಂದು ನದಿಯ ಕೊಳೆಯ ಬಗ್ಗೆ ಮಾತಾಡಲು ಒಪ್ಪಿದ್ದರು. ರೈನ್ ನದಿಯ ಸಂರಕ್ಷಣೆಗಾಗಿರುವ ಅಂತರರಾಷ್ಟ್ರೀಯ ಆಯೋಗ ಹುಟ್ಟಿದ್ದು ಆ ದಿನ. 2025ರಲ್ಲಿ ಅದಕ್ಕೆ ಎಪ್ಪತ್ತೈದು ತುಂಬಿತು. ಗಡಿ ದಾಟಿ ಹರಿಯುವ ನದಿಯನ್ನು ದೇಶಗಳು ಸೇರಿ ಉಳಿಸಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಇಷ್ಟು ದೀರ್ಘವಾಗಿ, ಇಷ್ಟು ಎಡವುತ್ತ ಉತ್ತರ ಹುಡುಕಿದ ಸಂಸ್ಥೆ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಆ ಎಡವಿದ ಜಾಗಗಳನ್ನೂ ಸೇರಿಸಿಯೇ ಇಲ್ಲಿ ಅದರ ಚರಿತ್ರೆಯನ್ನು ಬರೆಯುತ್ತಿದ್ದೇನೆ.

ರೈನ್ ಆಲ್ಪ್ಸ್ ಪರ್ವತದಲ್ಲಿ ಹುಟ್ಟಿ, ಕಾನ್‌ಸ್ಟನ್ಸ್ ಸರೋವರವನ್ನು ಹಾದು, ಜರ್ಮನಿ–ಫ್ರಾನ್ಸ್ ಗಡಿಯಾಗಿ ಹರಿದು, ನೆದರ್ಲೆಂಡ್ಸ್‌ನಲ್ಲಿ ಕವಲೊಡೆದು ಉತ್ತರ ಸಮುದ್ರ ಸೇರುತ್ತದೆ. ಉದ್ದ ಸುಮಾರು 1,230 ಕಿ.ಮೀ. (ಹಿಂದಿನ ಶತಮಾನದ ಪುಸ್ತಕಗಳಲ್ಲಿ ಇದು 1,320 ಎಂದಿತ್ತು. ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿ ದಶಕಗಳ ಕಾಲ ಹಾಗೇ ನಕಲಾಗುತ್ತ ಬಂದದ್ದು 2010ರಲ್ಲಿ ಬಯಲಾಯಿತು.) ಜಲಾನಯನ ಪ್ರದೇಶ ಸುಮಾರು 2 ಲಕ್ಷ ಚದರ ಕಿ.ಮೀ., ಅದು ಒಂಬತ್ತು ದೇಶಗಳಲ್ಲಿ ಹರಡಿದೆ. ಆರು ಕೋಟಿ ಜನ ಅಲ್ಲಿ ವಾಸವಾಗಿದ್ದಾರೆ. ಮೂರು ಕೋಟಿ ಜನರ ಕುಡಿಯುವ ನೀರು ಈ ನದಿಯದ್ದು. ಬಾಸೆಲ್‌ನ ಔಷಧ ಕಂಪನಿಗಳು, ಲುಡ್ವಿಗ್ಸ್‌ಹಾಫೆನ್ ಮತ್ತು ಲೆವರ್ಕುಸನ್‌ನ ರಾಸಾಯನಿಕ ಕಾರ್ಖಾನೆಗಳು, ರೂರ್ ಪ್ರದೇಶದ ಉಕ್ಕು, ಕೊನೆಗೆ ರೋಟರ್‌ಡ್ಯಾಮ್ ಬಂದರು, ಎಲ್ಲವೂ ಇದೇ ನೀರಿಗೆ ಬಾಯಿ ತೆರೆದು ಕುಳಿತಿವೆ.

ಈ ನದಿಯ ಮೇಲೆ ಒಪ್ಪಂದಗಳು ಹೊಸತೇನಲ್ಲ. 1815ರ ವಿಯೆನ್ನಾ ಸಮ್ಮೇಳನದಲ್ಲೇ ಹಡಗು ಸಂಚಾರಕ್ಕಾಗಿ ರೈನ್ ಆಯೋಗವೊಂದನ್ನು ತೀರ್ಮಾನಿಸಲಾಗಿತ್ತು. ಅದು ಇಂದಿಗೂ ಸ್ಟ್ರಾಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದೆ. ಹಡಗಿಗೆ ಬೇಕಾದ್ದು ನೇರವಾದ, ಆಳವಾದ ಪಾತ್ರ. ಬಾಡನ್ ಸಂಸ್ಥಾನದ ಎಂಜಿನಿಯರ್ ಯೋಹಾನ್ ಗಾಟ್‌ಫ್ರೀಡ್ ಟುಲ್ಲಾ 1817ರಲ್ಲಿ ಆರಂಭಿಸಿದ ಕಾಮಗಾರಿ 1876ರ ತನಕ ನಡೆದು, ಬಾಸೆಲ್‌ನಿಂದ ವರ್ಮ್ಸ್‌ವರೆಗಿನ ನದಿಯ ತಿರುವುಗಳನ್ನೆಲ್ಲ ಕತ್ತರಿಸಿ, ಪಾತ್ರವನ್ನು 81 ಕಿ.ಮೀ.ಯಷ್ಟು ಮೊಟಕುಗೊಳಿಸಿತು. ಮಲೇರಿಯಾ ಕಡಿಮೆಯಾಯಿತು, ಕೃಷಿಗೆ ಭೂಮಿ ಸಿಕ್ಕಿತು. ಆದರೆ ನೆರೆ ಬಂದಾಗ ನೀರು ನಿಲ್ಲುತ್ತಿದ್ದ ಬಯಲುಗಳು, ಮೀನು ಮೊಟ್ಟೆಯಿಡುತ್ತಿದ್ದ ಜಲ್ಲಿಯ ಹಾಸುಗಳು, ಕವಲು ಹಳ್ಳಗಳು ಹೋದವು. ಮೇಲಿನ ರೈನ್‌ನ ನೆರೆಬಯಲುಗಳಲ್ಲಿ ಶೇ 85ಕ್ಕೂ ಹೆಚ್ಚು ಭಾಗ ನದಿಯಿಂದ ಕಡಿದುಹೋಗಿದೆ.

ಅದರ ನಡುವೆ 1885ರಲ್ಲಿ ಜರ್ಮನಿ, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್ ಸೇರಿ ಬರ್ಲಿನ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವಿಷಯ ಸಾಲ್ಮನ್ ಮೀನುಗಾರಿಕೆ. ಸಮುದ್ರದಲ್ಲಿ ಬೆಳೆದು, ಹುಟ್ಟಿದ ಹೊಳೆಗೇ ಮರಳಿ ಮೊಟ್ಟೆಯಿಡುವ ಈ ಮೀನನ್ನು ಕೆಳಗಿನ ದೇಶ ಬಲೆಯಲ್ಲಿ ಬಾಚಿಕೊಂಡರೆ ಮೇಲಿನ ದೇಶಕ್ಕೆ ಏನೂ ಉಳಿಯದು; ಮೇಲಿನ ದೇಶ ಮೊಟ್ಟೆಯ ಜಾಗ ಕೆಡಿಸಿದರೆ ಕೆಳಗಿನ ದೇಶಕ್ಕೆ ಮರಿ ಬಾರದು. ಆ ವರ್ಷ ನೆದರ್ಲೆಂಡ್ಸ್ ಮತ್ತು ಜರ್ಮನಿಯಲ್ಲಿ ಹಿಡಿದ ಸಾಲ್ಮನ್‌ಗಳ ಸಂಖ್ಯೆ ಸುಮಾರು ಎರಡೂವರೆ ಲಕ್ಷ. ಒಪ್ಪಂದ ಬಲೆಗಳಿಗೆ ಕಾಲಮಿತಿ ಹಾಕಿತು, ಅಣೆಕಟ್ಟು ಮತ್ತು ಕೊಳೆಯನ್ನು ಮುಟ್ಟಲಿಲ್ಲ. ವರ್ಸೇಲ್ಸ್ ಒಪ್ಪಂದದಿಂದ ರೈನ್ ನೀರನ್ನು ತಿರುಗಿಸಿ ವಿದ್ಯುತ್ ಮಾಡುವ ಹಕ್ಕು ಫ್ರಾನ್ಸಿಗೆ ಸಿಕ್ಕಿ, 1932ರಲ್ಲಿ ಕೆಂಬ್ಸ್ ವಿದ್ಯುದಾಗಾರ ಕೆಲಸ ಶುರುಮಾಡಿತು. 1977ರ ಇಫೆಜ್‌ಹೈಮ್‌ವರೆಗೆ ಹತ್ತು ತಡೆಗಳು ಒಂದರ ಕೆಳಗೊಂದು ಎದ್ದವು. 1950ರ ದಶಕದ ಹೊತ್ತಿಗೆ ರೈನ್‌ನಲ್ಲಿ ಸಾಲ್ಮನ್ ನಿರ್ನಾಮವಾಯಿತು. ಆಯೋಗ ಹುಟ್ಟಿದ್ದೂ ಅದೇ ಹೊತ್ತಿಗೆ.

ಆಯೋಗಕ್ಕೆ ಒತ್ತಾಯಿಸಿದ್ದು ನೆದರ್ಲೆಂಡ್ಸ್. ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನಲ್ಲಿರುವ ಮಳವಳ್ಳಿಯ ರೈತನ ಸ್ಥಿತಿ ಅದರದ್ದು: ಮೇಲಿನವರೆಲ್ಲ ಬಳಸಿ ಬಿಟ್ಟದ್ದೇ ಪಾಲಿಗೆ ಬರುವುದು. ಆಂಸ್ಟರ್‌ಡ್ಯಾಮ್, ರೋಟರ್‌ಡ್ಯಾಮ್ ನಗರಗಳ ಜನ ಈ ನೀರನ್ನೇ ಶುದ್ಧಗೊಳಿಸಿ ಕುಡಿಯಬೇಕಿತ್ತು. ಆದರೆ ಹೊಸ ಆಯೋಗಕ್ಕೆ ಯಾರನ್ನೂ ದಂಡಿಸುವ, ಯಾವ ಕಾರ್ಖಾನೆಯನ್ನೂ ಮುಚ್ಚಿಸುವ ಅಧಿಕಾರ ಇರಲಿಲ್ಲ, ಇಂದಿಗೂ ಇಲ್ಲ. 1963ರ ಏಪ್ರಿಲ್ 29ರಂದು ಬರ್ನ್‌ನಲ್ಲಿ ಆದ ಒಡಂಬಡಿಕೆ ಅದಕ್ಕೆ ಕಾನೂನಿನ ನೆಲೆ ಕೊಟ್ಟಿತು. ಕೆಲಸ ಮಾತ್ರ ತನಿಖೆ ಮಾಡುವುದು, ಸಲಹೆ ಕೊಡುವುದು. ಕಚೇರಿ ಜರ್ಮನಿಯ ಕೊಬ್ಲೆಂಜ್‌ನಲ್ಲಿ, ಮೊಸೆಲ್ ಉಪನದಿ ರೈನ್ ಸೇರುವ ಊರಿನಲ್ಲಿ. ಸಿಬ್ಬಂದಿ ಹತ್ತು ಹನ್ನೆರಡು ಜನ. ಕಲಾಪದ ಭಾಷೆ ಜರ್ಮನ್, ಫ್ರೆಂಚ್, ಡಚ್. ಅಧ್ಯಕ್ಷ ಸ್ಥಾನ ಸದಸ್ಯ ದೇಶಗಳ ನಡುವೆ ಸರದಿಯಂತೆ ಸುತ್ತುತ್ತದೆ.

ಮೊದಲ ಇಪ್ಪತ್ತು ವರ್ಷಗಳಲ್ಲಿ ಈ ಜನ ಮಾಡಿದ್ದು ಅಳತೆ. ಎಲ್ಲ ದೇಶಗಳೂ ಒಂದೇ ವಿಧಾನದಲ್ಲಿ ನೀರಿನ ಮಾದರಿ ತೆಗೆದು, ಒಂದೇ ಬಗೆಯಲ್ಲಿ ಪರೀಕ್ಷಿಸಿ, ಅಂಕಿಗಳನ್ನು ಒಂದೇ ಕಡತದಲ್ಲಿ ಬರೆದವು. ಆಗಿನ ಪತ್ರಿಕೆಗಳಿಗೆ ಇದು ಕೈಲಾಗದವರ ಕೆಲಸದಂತೆ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. ನದಿ ವಿವಾದಗಳಲ್ಲಿ ಮೊದಲು ಸಾಯುವುದು ಅಂಕಿಅಂಶದ ಮೇಲಿನ ನಂಬಿಕೆ. ನಿನ್ನ ಲೆಕ್ಕ ಸುಳ್ಳು, ನನ್ನ ಲೆಕ್ಕ ನಿಜ ಎನ್ನುವ ಜಗಳ ರೈನ್‌ನಲ್ಲಿ ಬಹುಬೇಗ ಮುಗಿಯಿತು. ಮುಂದೆ ಜಗಳಗಳು ಆದವು, ಬಲು ಕಹಿಯಾಗಿಯೇ ಆದವು. ಆದರೆ ನೀರಿನಲ್ಲಿ ಏನಿದೆ ಎಂಬುದರ ಮೇಲಲ್ಲ.

1960ರ ದಶಕದಲ್ಲಿ ರೈನ್‌ಗೆ ಯುರೋಪಿನ ಚರಂಡಿ ಎಂಬ ಹೆಸರು ಬಿತ್ತು. 1969ರ ಜೂನ್‌ನಲ್ಲಿ ನೂರಾರು ಕಿ.ಮೀ. ಉದ್ದಕ್ಕೂ ಮೀನುಗಳು ಸತ್ತು ತೇಲಿದವು. ಕಾರಣ ಎಂಡೋಸಲ್ಫಾನ್ ಕೀಟನಾಶಕ. ಈ ಹೆಸರು ಓದುವಾಗ ಕನ್ನಡಿಗರಾದ ನಮಗೆ ಕೊಕ್ಕಡ, ಪಟ್ರಮೆ, ಪಕ್ಕದ ಕಾಸರಗೋಡಿನ ಗೇರುತೋಟಗಳು ನೆನಪಾಗದೆ ಇರಲಾರವು. ಯುರೋಪಿನ ನದಿಯಲ್ಲಿ ಅದರ ಗುಣ ಲೋಕಕ್ಕೆಲ್ಲ ಗೊತ್ತಾದ ಮೇಲೂ ದಶಕಗಳ ಕಾಲ ನಮ್ಮ ಹಳ್ಳಿಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು; ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ರೈನ್ ದಂಡೆಯ ಪಾಠ ನಮ್ಮವರೆಗೆ ಬರಲು ತಗುಲಿದ ಆ ಕಾಲದಲ್ಲಿ ಎಷ್ಟು ಮಕ್ಕಳ ಬಾಳು ಹಾಳಾಯಿತು ಎಂಬುದನ್ನು ಬಲ್ಲವರು ಬಲ್ಲರು.

ಇನ್ನು ಉಪ್ಪಿನ ಕಥೆ. ಆಯೋಗದ ಅತಿ ಕಷ್ಟದ ಅಧ್ಯಾಯ ಇದು. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಪೊಟ್ಯಾಷ್ ಗಣಿಗಳು ಗೊಬ್ಬರಕ್ಕೆ ಬೇಕಾದ ಪೊಟ್ಯಾಷ್ ತೆಗೆದುಕೊಂಡು, ಉಳಿದ ಉಪ್ಪನ್ನು ನದಿಗೆ ಬಿಡುತ್ತಿದ್ದವು. ನದಿಯ ಉಪ್ಪಿಗೆ ಅವೇ ಅತಿದೊಡ್ಡ ಮೂಲ. ಕೆಳಗೆ ನೆದರ್ಲೆಂಡ್ಸ್‌ನ ವೆಸ್ಟ್‌ಲ್ಯಾಂಡ್‌ನಲ್ಲಿ ಹಸಿರುಮನೆ ಬೇಸಾಯಗಾರರ ಸಸಿಗಳು ಆ ನೀರಿಗೆ ಬಾಡುತ್ತಿದ್ದವು. 1976ರ ಡಿಸೆಂಬರ್ 3ರಂದು ಬಾನ್‌ನಲ್ಲಿ ಎರಡು ಒಪ್ಪಂದಗಳಾದವು: ಒಂದು ರಾಸಾಯನಿಕಗಳ ಬಗ್ಗೆ, ಇನ್ನೊಂದು ಕ್ಲೋರೈಡ್ ಬಗ್ಗೆ. ಯುರೋಪಿಯನ್ ಆರ್ಥಿಕ ಸಮುದಾಯವೂ ಆ ವರ್ಷ ಆಯೋಗಕ್ಕೆ ಸೇರಿತು. ಉಪ್ಪನ್ನು ನದಿಗೆ ಬಿಡದೆ ಅಲ್ಸಾಸ್‌ನ ನೆಲದಾಳಕ್ಕೆ ತುಂಬಬೇಕು, ಖರ್ಚಿನಲ್ಲಿ ಶೇ 34 ನೆದರ್ಲೆಂಡ್ಸ್, ತಲಾ ಶೇ 30 ಜರ್ಮನಿ ಮತ್ತು ಫ್ರಾನ್ಸ್, ಶೇ 6 ಸ್ವಿಟ್ಜರ್ಲೆಂಡ್ ಭರಿಸಬೇಕು ಎಂದಾಯಿತು. ನೋಡಿ, ನಷ್ಟ ಅನುಭವಿಸುವವನೇ ಹೆಚ್ಚು ಹಣ ಕೊಡುವ ಲೆಕ್ಕ! ಮಲಿನ ಮಾಡಿದವನೇ ತೆರಬೇಕೆಂಬ ನ್ಯಾಯವನ್ನು ಬದಿಗಿಟ್ಟು, ಕೆಲಸವಾದರೆ ಸಾಕೆಂದು ನೆದರ್ಲೆಂಡ್ಸ್ ಒಪ್ಪಿಕೊಂಡಿತ್ತು.

ಆದರೂ ಕೆಲಸವಾಗಲಿಲ್ಲ. ತಮ್ಮ ಅಂತರ್ಜಲ ಉಪ್ಪಾಗುವುದೆಂದು ಅಲ್ಸಾಸ್ ಜನ ಎದ್ದುನಿಂತರು. ಅವರ ಭಯದಲ್ಲಿ ಹುರುಳಿತ್ತು. 1979ರಲ್ಲಿ ಫ್ರಾನ್ಸ್ ಸರ್ಕಾರ ಒಪ್ಪಂದದ ಸಂಸದೀಯ ಅನುಮೋದನೆಯಿಂದ ಹಿಂದೆ ಸರಿಯಿತು. ನೆದರ್ಲೆಂಡ್ಸ್ ಪ್ಯಾರಿಸ್‌ನಿಂದ ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಂಡಿತು. ಉಪ್ಪಿಗಾಗಿ ಎರಡು ಮಿತ್ರದೇಶಗಳ ನಡುವೆ ಅಷ್ಟಾಯಿತು. ಒಪ್ಪಂದ ಜಾರಿಗೆ ಬಂದದ್ದು 1985ರಲ್ಲಿ. ಬೆಳೆಗಾರರು ಅಷ್ಟರಲ್ಲಿ ರೋಟರ್‌ಡ್ಯಾಮ್ ಕೋರ್ಟಿನ ಬಾಗಿಲು ತಟ್ಟಿದ್ದರು. ಮಾಲಿನ್ಯ ಹುಟ್ಟಿದ ದೇಶದಲ್ಲಾಗಲಿ ನಷ್ಟವಾದ ದೇಶದಲ್ಲಾಗಲಿ ದಾವೆ ಹೂಡಬಹುದು ಎಂದು 1976ರ ನವೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪು ಗಡಿಯಾಚೆಯ ಮಾಲಿನ್ಯದ ಕಾನೂನಿನಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಉಪ್ಪಿನ ಸಮಸ್ಯೆ ನಿಜವಾಗಿ ತೀರಿದ್ದು ಒಪ್ಪಂದದಿಂದಲ್ಲ; ಅದಿರು ಮುಗಿದು 2002ರಲ್ಲಿ ಗಣಿಗಾರಿಕೆ ನಿಂತಾಗ. ಹಣದ ಲೆಕ್ಕ ಮಾತ್ರ ಅದಾದ ಮೇಲೂ ನಡೆದು, 2004ರಲ್ಲಿ ಮಧ್ಯಸ್ಥಿಕೆಯ ತೀರ್ಪಿನೊಂದಿಗೆ ಮುಗಿಯಿತು.

1986ರ ನವೆಂಬರ್ 1. ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಬಾಸೆಲ್ ಪಕ್ಕದ ಶ್ವೈಜರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಸುಮಾರು 1,350 ಟನ್ ರಾಸಾಯನಿಕಗಳು, ಬಹುಪಾಲು ಕೀಟನಾಶಕ. ನಗರದಲ್ಲಿ ಸೈರನ್ ಕೂಗಿತು, ಕಿಟಕಿ ಬಾಗಿಲು ಮುಚ್ಚಿ ಮನೆಯೊಳಗೇ ಇರುವಂತೆ ಜನರಿಗೆ ಹೇಳಲಾಯಿತು. ಅಗ್ನಿಶಾಮಕ ದಳ ಸುರಿದ ನೀರನ್ನು ಹಿಡಿದಿಡುವ ತೊಟ್ಟಿ ಅಲ್ಲಿರಲಿಲ್ಲ. ವಿಷ ತುಂಬಿದ ಆ ನೀರೆಲ್ಲ ಸೀದಾ ನದಿಗೆ ಹರಿಯಿತು. ಅದರಲ್ಲಿದ್ದ ಬಣ್ಣದಿಂದ ರೈನ್ ಕೆಂಪಾಯಿತು. ಮುಂದಿನ ದಿನಗಳಲ್ಲಿ ಲೋರೆಲೈ ಬಂಡೆಯವರೆಗೆ ಸುಮಾರು 400 ಕಿ.ಮೀ. ಉದ್ದಕ್ಕೆ ಹಾವುಮೀನುಗಳು ಸತ್ತವು, ಸುಮಾರು ಒಂದೂವರೆ ಲಕ್ಷ. ಕೆಳಗಿನ ದೇಶಗಳಿಗೆ ಎಚ್ಚರಿಕೆ ತಡವಾಗಿ ಮುಟ್ಟಿತು. ದಂಡೆಯ ಊರುಗಳು ಕುಡಿಯುವ ನೀರಿನ ಪಂಪುಗಳನ್ನು ನಿಲ್ಲಿಸಿದವು. ಭೋಪಾಲ ದುರಂತಕ್ಕೆ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ, ಚೆರ್ನೊಬಿಲ್ ಸ್ಫೋಟಿಸಿ ಆರು ತಿಂಗಳಷ್ಟೇ ಆಗಿತ್ತು. ಬಾಸೆಲ್‌ನ ಜನ ಬೀದಿಗಿಳಿದರು.

ಆ ನಂತರದ ಹನ್ನೊಂದು ತಿಂಗಳಲ್ಲಿ ನಡೆದದ್ದು ಹಿಂದಿನ ಮೂವತ್ತಾರು ವರ್ಷಗಳಲ್ಲಿ ನಡೆದಿರಲಿಲ್ಲ. ಹನ್ನೆರಡನೇ ದಿನ ಜ್ಯೂರಿಕ್‌ನಲ್ಲಿ ಸಚಿವರ ಸಭೆ, ಡಿಸೆಂಬರ್‌ನಲ್ಲಿ ರೋಟರ್‌ಡ್ಯಾಮ್‌ನಲ್ಲಿ ಇನ್ನೊಂದು, 1987ರ ಅಕ್ಟೋಬರ್ 1ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ರೈನ್ ಕ್ರಿಯಾ ಯೋಜನೆಗೆ ಒಪ್ಪಿಗೆ. 1985ರಿಂದ 1995ರೊಳಗೆ ಆಯ್ದ ಮಾಲಿನ್ಯಕಾರಕಗಳನ್ನು ಅರ್ಧಕ್ಕಿಳಿಸುವುದು, ಅಪಘಾತದ ಅಪಾಯ ತಗ್ಗಿಸುವುದು, ಕುಡಿಯುವ ನೀರಿನ ಭದ್ರತೆ, ಮತ್ತು 2000ನೇ ಇಸವಿಯ ಹೊತ್ತಿಗೆ ಸಾಲ್ಮನ್ ಮರಳಿ ಬರುವಂಥ ನದಿ. ಇದು ಕಾನೂನಿನ ಬಲವಿಲ್ಲದ ಯೋಜನೆ ಎಂಬುದನ್ನು ಗಮನಿಸಬೇಕು. ಕಟ್ಟುನಿಟ್ಟಿನ ಕಲಮುಗಳಿದ್ದ ಕ್ಲೋರೈಡ್ ಒಪ್ಪಂದ ಹದಿನೈದು ವರ್ಷ ತೆವಳಿತು. ಸಚಿವರು ಬರೀ ಮಾತು ಕೊಟ್ಟ ಈ ಯೋಜನೆಯ ಬಹುತೇಕ ಗುರಿಗಳು ಅವಧಿಯೊಳಗೇ ಮುಟ್ಟಿದವು. ಬೆಂಕಿಯ ಭಯ ಒಂದು ಕಾರಣ. ಇನ್ನೊಂದು, ಅಷ್ಟು ವರ್ಷ ಸೇರಿ ಅಳೆದಿದ್ದ ಅಂಕಿಗಳು ಸಿದ್ಧವಾಗಿದ್ದವು. ಯಾರು ಏನು ಬಿಡುತ್ತಿದ್ದಾರೆಂದು ಹೊಸದಾಗಿ ವಾದಿಸಬೇಕಿರಲಿಲ್ಲ. ಪ್ರತಿ ದೇಶವೂ ತಾನೆಷ್ಟು ಮಾಡಿದೆನೆಂದು ಉಳಿದವರ ಮುಂದೆ ವರದಿ ಒಪ್ಪಿಸಬೇಕಿತ್ತು, ಆ ಸಾಲಿನಲ್ಲಿ ಹಿಂದೆ ಬೀಳಲು ಯಾರಿಗೂ ಮನಸ್ಸಿರಲಿಲ್ಲ.

ಮೂರನೆಯ ಕಾರಣ ಸಾಲ್ಮನ್ ಎಂದೇ ನಾನು ಭಾವಿಸುತ್ತೇನೆ. ಲೀಟರಿಗೆ ಇಷ್ಟು ಮೈಕ್ರೊಗ್ರಾಂ ಎಂಬ ಗುರಿ ಎಂಜಿನಿಯರುಗಳಿಗೆ ಅರ್ಥವಾದೀತು. ಮೀನು ಬಂತೇ ಎಂಬ ಪ್ರಶ್ನೆ ಬಾಸೆಲ್‌ನ ಶಾಲಾ ಮಗುವಿಗೂ ಅರ್ಥವಾಗುತ್ತದೆ. ಮತ್ತೆ ಈ ಮೀನು ಸ್ವಚ್ಛ ನೀರಿಗಷ್ಟೇ ತೃಪ್ತವಾಗುವುದಲ್ಲ. ಸಮುದ್ರದ ಬಾಗಿಲು ತೆರೆದಿರಬೇಕು, ನಡುವಿನ ಅಣೆಕಟ್ಟುಗಳಲ್ಲಿ ಮೀನು ಮೆಟ್ಟಿಲು ಇರಬೇಕು, ಉಪನದಿಗಳಲ್ಲಿ ಜಲ್ಲಿಹಾಸು ಉಳಿದಿರಬೇಕು. ನದಿಯನ್ನು ತುಂಡುತುಂಡಾಗಿ ನೋಡುವ ಅಭ್ಯಾಸವಿದ್ದ ಇಲಾಖೆಗಳಿಗೆ ಅದು ಬುಡದಿಂದ ತುದಿಯವರೆಗೆ ಒಂದೇ ಜೀವ ಎಂದು ಕಲಿಸಿದ್ದು ಈ ಮೀನು. ರೈನ್‌ನ ಮೂಲ ತಳಿ ಅಳಿದಿದ್ದರಿಂದ ಐರ್ಲೆಂಡ್, ಸ್ಕಾಟ್ಲೆಂಡ್, ಫ್ರಾನ್ಸ್ ಮುಂತಾದ ಕಡೆಗಳ ತಳಿಯ ಮರಿಗಳನ್ನು ತಂದು ಬಿಟ್ಟರು. 1990ರಲ್ಲಿ ಕೆಳ ರೈನ್‌ನ ಉಪನದಿ ಸೀಗ್‌ನಲ್ಲಿ ಸಮುದ್ರದಿಂದ ಮರಳಿದ ಸಾಲ್ಮನ್ ಸಿಕ್ಕಿತು. ಗಡುವಿಗೆ ಹತ್ತು ವರ್ಷ ಮೊದಲೇ!

1993ರ ಡಿಸೆಂಬರ್ ಮತ್ತು 1995ರ ಜನವರಿಯ ನೆರೆಗಳು ಇನ್ನೊಂದು ದಿಕ್ಕಿನಿಂದ ಅದೇ ಮಾತನ್ನು ಹೇಳಿದವು. 1995ರಲ್ಲಿ ನೆದರ್ಲೆಂಡ್ಸ್ ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಿ ಸಾಗಿಸಬೇಕಾಯಿತು. ಮೇಲೆ ಕಳೆದುಕೊಂಡ ನೆರೆಬಯಲಿನ ಬೆಲೆಯನ್ನು ಕೆಳಗಿನವರು ತೆತ್ತರು. 1998ರಲ್ಲಿ ಆಯೋಗ ನೆರೆಗೆ ಸಂಬಂಧಿಸಿದ ಕ್ರಿಯಾ ಯೋಜನೆ ತಂದಿತು. ಒಡ್ಡುಗಳನ್ನು ಎತ್ತರಿಸುವುದರ ಬದಲು ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಡುವ ಕೆಲಸ ನೆದರ್ಲೆಂಡ್ಸ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ನಡೆಯಿತು. 1999ರ ಏಪ್ರಿಲ್ 12ರಂದು ಬರ್ನ್‌ನಲ್ಲಿ ಸಹಿಯಾಗಿ 2003ರಲ್ಲಿ ಜಾರಿಗೆ ಬಂದ ಹೊಸ ಒಡಂಬಡಿಕೆ ಹಳೆಯವುಗಳ ಜಾಗಕ್ಕೆ ಬಂತು. ಅದರ ವ್ಯಾಪ್ತಿಯಲ್ಲಿ ನದಿಯ ನೀರು ಮಾತ್ರವಲ್ಲ, ಅದಕ್ಕೆ ತಾಗಿದ ಅಂತರ್ಜಲ, ಜಲಚರ, ದಂಡೆಯ ಕಾಡು, ನೆರೆಬಯಲು ಎಲ್ಲವೂ ಇವೆ. 2008ರಲ್ಲಿ ಮೇಲಿನ ರೈನ್‌ನ ಎರಡೂ ದಂಡೆಗಳ ಜೌಗುಪ್ರದೇಶವನ್ನು ಫ್ರಾನ್ಸ್ ಮತ್ತು ಜರ್ಮನಿ ಒಂದೇ ಗಡಿಯಾಚೆಯ ರಾಮ್ಸಾರ್ ತಾಣವಾಗಿ ಘೋಷಿಸಿದವು. ಎರಡನೇ ಮಹಾಯುದ್ಧದ ಗಡಿರೇಖೆ ಅದು.

ಬೆಸೆದ ನದಿಗೆ ಬೇರೆ ಅಪಾಯಗಳೂ ಇವೆ. 1992ರಲ್ಲಿ ರೈನ್–ಮೈನ್–ಡ್ಯಾನ್ಯೂಬ್ ಕಾಲುವೆ ತೆರೆದಾಗ ಕಪ್ಪು ಸಮುದ್ರದ ಕಡೆಯ ಸಿಗಡಿ, ಗೋಬಿ ಮೀನುಗಳು ರೈನ್‌ಗೆ ನುಗ್ಗಿ ಇಲ್ಲಿಯ ಜೀವಿಗಳನ್ನು ಹಲವೆಡೆ ಮೂಲೆಗುಂಪು ಮಾಡಿವೆ. ಇದಕ್ಕೆ ಆಯೋಗದ ಬಳಿ ಮದ್ದಿಲ್ಲ. ನದಿ ಜೋಡಣೆಯ ಮಾತು ಕೇಳಿಬರುವ ನಮ್ಮ ನಾಡಿನಲ್ಲಿ ಇದನ್ನು ತಿಳಿದವರು ಎದ್ದು ಹೇಳಬೇಕು.

ಇಷ್ಟು ಹೊತ್ತು ನೊಂದವನ ಸ್ಥಾನದಲ್ಲಿದ್ದ ನೆದರ್ಲೆಂಡ್ಸ್ ತಾನೂ ಒಂದು ಬಾಗಿಲನ್ನು ಮುಚ್ಚಿಕೊಂಡಿತ್ತು. 1953ರ ಸಮುದ್ರ ಪ್ರವಾಹದ ನಂತರ ಕಟ್ಟಿದ ಹಾರಿಂಗ್‌ವ್ಲೀಟ್ ಅಣೆ 1970ರಿಂದ ರೈನ್‌ನ ದೊಡ್ಡ ಕವಲನ್ನು ಸಮುದ್ರದಿಂದ ಬೇರ್ಪಡಿಸಿತ್ತು. ಸಮುದ್ರದಿಂದ ಬಂದ ಸಾಲ್ಮನ್ ಗೇಟಿಗೆ ತಲೆ ಬಡಿದುಕೊಳ್ಳುತ್ತಿತ್ತು. ಗೇಟುಗಳನ್ನು ಸ್ವಲ್ಪ ತೆರೆದಿಡುವುದಾಗಿ ಮೊದಲು ಮಾತು ಕೊಡಲಾಗಿತ್ತು; 2010ರಲ್ಲಿ ಬಂದ ಸರ್ಕಾರ ಅದನ್ನು ಕೈಬಿಡಲು ಹೊರಟಿತು. ಆಗ ಮೇಲಿನ ದೇಶಗಳು ಸಿಟ್ಟಾದವು. ಮೀನು ಮೆಟ್ಟಿಲಿಗೆ ನಾವು ಹಣ ಸುರಿದೆವು, ನೀವು ಬಾಗಿಲೇ ತೆರೆಯುವುದಿಲ್ಲವೇ ಎಂಬ ಪ್ರಶ್ನೆಗೆ ನೆದರ್ಲೆಂಡ್ಸ್ ಬಳಿ ಉತ್ತರವಿರಲಿಲ್ಲ. 2018ರ ನವೆಂಬರ್‌ನಲ್ಲಿ ಗೇಟುಗಳು ತೆರೆದುಕೊಂಡವು. ಈ ಒಂದು ಪ್ರಸಂಗಕ್ಕಾಗಿಯಾದರೂ ಆಯೋಗದ ಬಗ್ಗೆ ನನಗೆ ಗೌರವ ಹೆಚ್ಚಿದೆ. ಮೇಲಿನವನಿಗೆ ಕೇಳುವ ಪ್ರಶ್ನೆಯನ್ನು ಕೆಳಗಿನವನಿಗೂ ಕೇಳುವ ಮೇಜು ಅಲ್ಲಿ ಉಳಿದಿತ್ತು.

ಮೇಲಿನ ರೈನ್‌ನಲ್ಲಿ ಇಫೆಜ್‌ಹೈಮ್‌ನ ಮೀನು ಮೆಟ್ಟಿಲು 2000ದಲ್ಲಿ, ಗಾಂಬ್ಸ್‌ಹೈಮ್‌ನದು 2006ರಲ್ಲಿ, ಸ್ಟ್ರಾಸ್‌ಬರ್ಗ್‌ನದು 2016ರಲ್ಲಿ, ಗೆರ್ಸ್ಟ್‌ಹೈಮ್‌ನದು 2019ರಲ್ಲಿ ತೆರೆಯಿತು. 2013ರಲ್ಲಿ ಬಾಸೆಲ್‌ನ ಸಚಿವ ಸಭೆ 2020ರೊಳಗೆ ಮೀನಿಗೆ ಬಾಸೆಲ್‌ವರೆಗೆ ದಾರಿ ಮಾಡಿಕೊಡುವುದಾಗಿ ಹೇಳಿತ್ತು. ರೀನೊ, ಮಾರ್ಕೊಲ್ಸ್‌ಹೈಮ್, ಫೋಗಲ್‌ಗ್ರುನ್ ಎಂಬ ಮೂರು ಅಣೆಗಳಲ್ಲಿ ಆ ಗಡುವು ತಪ್ಪಿತು. ಸಾಲ್ಮನ್‌ಗಳು ಹೊರಗಿನಿಂದ ಮರಿಗಳನ್ನು ತಂದು ಬಿಡದಿದ್ದರೂ ತಾವಾಗಿಯೇ ಉಳಿಯುವಷ್ಟು ಇನ್ನೂ ಹೆಚ್ಚಿಲ್ಲ. ಬಿಸಿಯಾಗುತ್ತಿರುವ ಬೇಸಿಗೆಗಳು, 2018 ಮತ್ತು 2022ರಂಥ ಬತ್ತಿದ ವರ್ಷಗಳು ಹೊಸ ಚಿಂತೆ ತಂದಿವೆ.

ಸಾಧನೆಯನ್ನೂ ಹೇಳಬೇಕು. ಜಲಾನಯನದ ಶೇ 96ರಷ್ಟು ಜನರ ಕೊಳಚೆನೀರು ಇಂದು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ನದಿಯ ಹಳೆಯ ಮೀನು ಪ್ರಭೇದಗಳಲ್ಲಿ ಸ್ಟರ್ಜನ್ ಬಿಟ್ಟು ಬಹುತೇಕ ಎಲ್ಲವೂ ಮರಳಿವೆ. ಬಾಸೆಲ್ ಕೆಳಗಿನ ವೈಲ್‌ನಲ್ಲಿ ಸ್ವಿಟ್ಜರ್ಲೆಂಡ್–ಜರ್ಮನಿ, ಗಡಿಯ ಬಿಮ್ಮನ್–ಲೋಬಿತ್‌ನಲ್ಲಿ ಜರ್ಮನಿ–ನೆದರ್ಲೆಂಡ್ಸ್ ಜಂಟಿಯಾಗಿ ಹಗಲಿರುಳು ನೀರನ್ನು ಪರೀಕ್ಷಿಸುತ್ತಿವೆ. ಔಷಧದ ಶೇಷಗಳಂಥ ಸೂಕ್ಷ್ಮ ಮಾಲಿನ್ಯ ತೆಗೆಯಲು ಸ್ವಿಟ್ಜರ್ಲೆಂಡ್ 2016ರಿಂದ ತಲೆಗೆ ವರ್ಷಕ್ಕೆ 9 ಫ್ರಾಂಕ್ ಶುಲ್ಕ ಎತ್ತುತ್ತಿದೆ. ಅದರ ಫಲ ಕೆಳಗಿನ ದೇಶಗಳಿಗೂ ಸಿಗುತ್ತದೆ. 2014ರಲ್ಲಿ ಆಯೋಗಕ್ಕೆ ಅಂತರರಾಷ್ಟ್ರೀಯ ನದಿ ಪ್ರಶಸ್ತಿ ಬಂತು.

ರೈನ್ ತುಂಬಿ ಹರಿಯುವ ನದಿ; ನೀರಿನ ಹಂಚಿಕೆಗಾಗಿ ಅಲ್ಲಿ ಜಗಳವಿರಲಿಲ್ಲ. ಆದ್ದರಿಂದ ಕಾವೇರಿ, ಕೃಷ್ಣೆಯ ವಿವಾದಕ್ಕೆ ಅದನ್ನು ನೇರವಾಗಿ ಹೋಲಿಸಿದರೆ ತಪ್ಪಾಗುತ್ತದೆ. ಆದರೆ ಟಿಎಂಸಿ ಲೆಕ್ಕದ ಆಚೆಗೆ ನಮ್ಮ ನದಿಗಳಲ್ಲೂ ಮೀನಿದೆ, ಮರಳಿದೆ, ದಂಡೆಯಿದೆ, ಕೊಳೆಯೂ ಇದೆ. ಅದನ್ನು ರಾಜ್ಯಗಳು ಸೇರಿ ಅಳೆಯಲು ಯಾವ ತೀರ್ಪಿಗೂ ಕಾಯಬೇಕಿಲ್ಲ.

2020ರ ಫೆಬ್ರವರಿಯಲ್ಲಿ ಆಂಸ್ಟರ್‌ಡ್ಯಾಮ್‌ನಲ್ಲಿ ಒಪ್ಪಿದ ‘ರೈನ್ 2040’ ಕಾರ್ಯಕ್ರಮ 200 ಚದರ ಕಿ.ಮೀ. ನೆರೆಬಯಲನ್ನು ನದಿಗೆ ಮರಳಿಸುವ, 300 ತಡೆಗಳಲ್ಲಿ ಮೀನಿಗೆ ದಾರಿ ಮಾಡುವ, ಸೂಕ್ಷ್ಮ ಮಾಲಿನ್ಯವನ್ನು ಕನಿಷ್ಠ ಶೇ 30 ತಗ್ಗಿಸುವ ಗುರಿ ಹಾಕಿಕೊಂಡಿದೆ. ಇವುಗಳಲ್ಲಿ ಯಾವುದಕ್ಕೂ ಆಯೋಗ ಯಾವ ದೇಶವನ್ನೂ ಬಲವಂತ ಮಾಡಲಾರದು. ಸದಸ್ಯ ದೇಶಗಳು ತಾವೇ ಕೊಟ್ಟ ಮಾತನ್ನು ಉಳಿಸಿಕೊಂಡು ಆ ಮೂರು ಅಣೆಗಳಲ್ಲಿ ಮೀನಿಗೆ ದಾರಿ ಬಿಡುವವರೆಗೆ, 1987ರ ಯೋಜನೆಯ ಕೆಲಸ ಪೂರ್ತಿಯಾಯಿತೆಂದು ಯಾರೂ ಬರೆಯಲಾಗದು.